ಪುಣೆ, ಮುಂಬೈ, ಗೋವಾದಲ್ಲಿ ಸ್ವಂತ ಹಗುರ ವಿಮಾನ: ಕೊಳ್ಳುವ ಮೊದಲು ಏನೇನು ನೋಡಬೇಕು?

ಕೋಥ್ರೂಡ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿದ್ದೇನೆ, ನನ್ನ ಭಾವ ಡೊಂಬಿವಲಿಯಲ್ಲಿದ್ದಾರೆ, ನಮ್ಮಿಬ್ಬರ ಹಳೆಯ ಸ್ನೇಹಿತರೊಬ್ಬರು ಮಡಗಾಂವ್‌ನಲ್ಲಿದ್ದಾರೆ. ಮೂವರೂ ಖಾಸಗಿ ಪೈಲಟ್ ಲೈಸನ್ಸ್ ಪಡೆದವರು. ಈಗ ಮೂವರೂ ಸೇರಿ ಎರಡು ಆಸನಗಳ ಲೈಟ್ ಸ್ಪೋರ್ಟ್ ವಿಮಾನವೊಂದನ್ನು ಕೊಳ್ಳುವ ಯೋಚನೆ ಮಾಡಿದ್ದೇವೆ. ಮಾರಾಟಗಾರರು ಕಳುಹಿಸುವ ಪತ್ರಗಳಲ್ಲಿ ವೇಗ, ಗಾಜಿನ ಪರದೆಯ ಉಪಕರಣಗಳು, ಆಸನದ ಚರ್ಮ ಇವುಗಳ ವಿವರವೇ ತುಂಬಿರುತ್ತದೆ. ವಿಮಾನವನ್ನು ವರ್ಷಗಟ್ಟಲೆ ಇಟ್ಟುಕೊಂಡು ಹಾರಿಸಿದವರ ಮಾತು ನಮಗೆ ಬೇಕಾಗಿದೆ. ಯಾವ ಮಾದರಿ ಒಳ್ಳೆಯದು, ಇನ್ನೂ ಹಗುರವಾದ ಮೈಕ್ರೋಲೈಟ್ ಸಾಕೇ ಅಥವಾ 600 ಕಿಲೋದ ಲೈಟ್ ಸ್ಪೋರ್ಟ್ ವರ್ಗವೇ ಬೇಕೇ, ನಮ್ಮ ಭಾಗದಲ್ಲಿ ಅದನ್ನು ಎಲ್ಲಿ ಇಡಬಹುದು ಎಂಬುದನ್ನು ದಯವಿಟ್ಟು ತಿಳಿಸಿ.

ಹ್ಯಾಂಗರ್ ಎಂಜಿನಿಯರ್, ಪುಣೆ

ನಿಮ್ಮ ಮೂರನೆಯ ಪ್ರಶ್ನೆಯನ್ನು ಮೊದಲಿಗೆ ತಂದುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ವಿಮಾನ ಎಲ್ಲಿ ನಿಲ್ಲುತ್ತದೆ, ನಿಮ್ಮ ಮನೆಯಿಂದ ಅಲ್ಲಿಗೆ ಹೋಗಲು ಎಷ್ಟು ಹೊತ್ತು ಬೇಕು, ಮಳೆಗಾಲದಲ್ಲಿ ಅದರ ತಲೆಯ ಮೇಲೆ ಒಣಗಿದ ಸೂರು ಇರುತ್ತದೆಯೇ ಎಂಬ ಮೂರು ಸಂಗತಿಗಳು ಇತ್ಯರ್ಥವಾಗುವವರೆಗೆ ಮಾದರಿಯ ಚರ್ಚೆಗೆ ಅರ್ಥವಿಲ್ಲ. ಅಕ್ಕರೆಯಿಂದ ತರಿಸಿಕೊಂಡ ವಿಮಾನಗಳು ಹಾರಾಟವೇ ಇಲ್ಲದೆ ಹಾಳಾಗುವುದನ್ನು ಕಂಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಕೆಟ್ಟ ವಿಮಾನಗಳಾಗಿರಲಿಲ್ಲ. ಮಾಲೀಕರಿಂದ ದೂರದಲ್ಲಿದ್ದವು, ಅಷ್ಟೇ.

ಇನ್ನು ತೂಕದ ವಿಷಯ. ಅಮೆರಿಕದ ವಿಮಾನಯಾನ ಆಡಳಿತವು 2004ರಲ್ಲಿ ಲೈಟ್ ಸ್ಪೋರ್ಟ್ ವರ್ಗವನ್ನು ರೂಪಿಸಿದಾಗ ಗರಿಷ್ಠ ತೂಕವನ್ನು 600 ಕಿಲೋ, ನೀರಿನ ಮೇಲಿಳಿಯುವಂಥವಕ್ಕೆ 650 ಕಿಲೋ ಎಂದು ನಿಗದಿಪಡಿಸಿತು. ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರವು) 45 ನಾಟ್, ಅಂದರೆ ಗಂಟೆಗೆ ಸುಮಾರು 83 ಕಿ.ಮೀ. ಮೀರಬಾರದು, ಆಸನಗಳು ಎರಡಕ್ಕಿಂತ ಹೆಚ್ಚಿರಬಾರದು ಎಂದಿತು. ನಮ್ಮ ದೇಶದಲ್ಲೂ ಈ ವರ್ಗದ ಮಿತಿ 600 ಕಿಲೋದ್ದೇ. ಮೈಕ್ರೋಲೈಟ್‌ನ ಮಿತಿ ಇದಕ್ಕಿಂತ ಬಹಳ ಕಡಿಮೆ. ವ್ಯತ್ಯಾಸ ಕಾಗದದ ಮೇಲೆ ಚಿಕ್ಕದಾಗಿ ಕಂಡರೂ ಹಾರಾಟದಲ್ಲಿ ಅದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಉದಾಹರಣೆಗೆ, 450 ಕಿಲೋ ಮಿತಿಯ ವಿಮಾನದ ಖಾಲಿ ತೂಕ 280 ಎಂದುಕೊಳ್ಳಿ. ಉಳಿಯುವುದು 170. ತಲಾ 80 ಕಿಲೋದ ಇಬ್ಬರು ಕುಳಿತರೆ ಇಂಧನಕ್ಕೆ 10 ಕಿಲೋ ಮಿಗುತ್ತದೆ, ಅಂದರೆ ಹೆಚ್ಚೆಂದರೆ 14 ಲೀಟರ್; 100 ಅಶ್ವಶಕ್ತಿಯ ಎಂಜಿನ್‌ಗೆ ಒಂದು ಗಂಟೆಗೂ ಸಾಲದು. 600ರ ವಿಮಾನದ ಖಾಲಿ ತೂಕ 350 ಇದ್ದರೆ ಅದೇ ಇಬ್ಬರು, 10 ಕಿಲೋ ಸಾಮಾನು, ತುಂಬಿದ 100 ಲೀಟರ್ ಟ್ಯಾಂಕ್ ಎಲ್ಲವೂ ಮಿತಿಯೊಳಗೇ ಇರುತ್ತವೆ. ಮೂರು ಊರುಗಳ ನಡುವೆ ಓಡಾಡುವ ಆಸೆ ನಿಮಗಿದ್ದರೆ ಮೈಕ್ರೋಲೈಟ್ ಸಾಲದು. ಬೆಳಗಿನ ಹೊತ್ತು ಏರ್‌ಸ್ಟ್ರಿಪ್‌ನ ಸುತ್ತಮುತ್ತ ಒಬ್ಬರೇ ಹಾರುವುದಾದರೆ ಧಾರಾಳವಾಗಿ ಸಾಕು. ನಮ್ಮ ಬೆಂಗಳೂರಿನಲ್ಲೇ ರಾಜ್ ಹಂಸ ಸಂಸ್ಥೆ ತಯಾರಿಸಿದ ಎಕ್ಸ್-ಏರ್ ಮೈಕ್ರೋಲೈಟ್‌ಗಳು ಹೊರದೇಶಗಳಲ್ಲೂ ಹಾರಿವೆ ಎಂಬುದನ್ನು ಇಲ್ಲಿ ಸಂತೋಷದಿಂದ ನೆನೆಯುತ್ತೇನೆ.

ಮಾರಾಟಗಾರರು ಹೇಳುವ ಖಾಲಿ ತೂಕವನ್ನು ನಂಬಬೇಡಿ. ಪ್ಯಾರಾಚೂಟ್, ಎರಡನೆಯ ಪರದೆ, ಆಟೋಪೈಲಟ್ ಎಲ್ಲ ಕೂಡಿಸಿದ ಮೇಲೆ ಅದೇ ವಿಮಾನವನ್ನು ತೂಗಿ ಬರೆದ ವರದಿಯನ್ನು ಕೇಳಿ ಪಡೆಯಿರಿ.

ಮಾಟುಂಗಾ ಓದುಗ

ಮುಂಬೈನವರಿಗೆ ಜಾಗದ ಕೊರತೆ ಎಷ್ಟೆಂದು ಹೇಳಲೇಬೇಕು. ನಮ್ಮ ಜುಹು 1928ರಿಂದ ಇರುವ ವಿಮಾನ ನಿಲ್ದಾಣ. ಬಾಂಬೆ ಫ್ಲೈಯಿಂಗ್ ಕ್ಲಬ್ ಹುಟ್ಟಿದ್ದು ಅದೇ ವರ್ಷ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಪುಸ್ ಮಾತ್ ವಿಮಾನದಲ್ಲಿ ಅಂಚೆ ತಂದು ಇಳಿಸಿದ್ದು ಅಲ್ಲಿಯೇ. ಈಗ ಜುಹು ಬಹುಮಟ್ಟಿಗೆ ಹೆಲಿಕಾಪ್ಟರ್‌ಗಳ ನೆಲೆ. ಕ್ಲಬ್ಬಿನ ವಿಮಾನ ತರಬೇತಿ ಧುಳೆಗೆ ಹೋಗಿದೆ. ಪಕ್ಕದಲ್ಲೇ ದೇಶದ ಅತ್ಯಂತ ದಟ್ಟಣೆಯ ನಿಲ್ದಾಣಗಳಲ್ಲೊಂದು ಇರುವಾಗ ಎರಡು ಆಸನದ ಖಾಸಗಿ ವಿಮಾನಕ್ಕೆ ಅಲ್ಲಿ ಖಾಯಂ ನೆಲೆ ಸಿಗುತ್ತದೆಂದು ಯಾರೂ ಲೆಕ್ಕ ಹಾಕಬಾರದು.

ಆದರೂ ಒಂದು ಮಾತು ಹೇಳದೆ ಇರಲಾರೆ. 2021ರ ಅಕ್ಟೋಬರ್ 15ರಂದು ಮುಂಬೈನವರೇ ಆದ ಆರೋಹಿ ಪಂಡಿತ್ ಅವರು ಭುಜ್‌ನಿಂದ ಅಹಮದಾಬಾದ್ ಮೂಲಕ ಜುಹುಗೆ ಬಂದಿಳಿದರು; ಟಾಟಾ ಅವರ ಆ ಹಾರಾಟದ ನೆನಪಿಗಾಗಿ ಕೈಗೊಂಡ ಯಾನವದು. ಅವರ 'ಮಾಹಿ' ಎಂಬ ವಿಮಾನ ಪಿಪಿಸ್ಟ್ರೆಲ್ ಕಂಪನಿಯ ಸೈನಸ್ 912, ಅಂದರೆ ನಾವು ಚರ್ಚಿಸುತ್ತಿರುವ ವರ್ಗದ್ದೇ. ಅದೇ ವಿಮಾನದಲ್ಲಿ ಅವರು 2019ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ದಾಟಿ ಕೆನಡಾ ಮುಟ್ಟಿದ್ದರು. ಈ ವರ್ಗವನ್ನು ಆಟಿಕೆಯೆಂದು ತಳ್ಳಿಹಾಕುವವರಿಗೆ ನಾನು ಕೊಡುವ ಉತ್ತರ ಇದು. ಅಂಥ ಹಾರಾಟದ ಹಿಂದೆ ಎಷ್ಟು ಸಿದ್ಧತೆ, ಎಷ್ಟು ಜನರ ನೆಲದ ಮೇಲಿನ ಕೆಲಸ ಇತ್ತೆಂಬುದನ್ನೂ ಮರೆಯಬಾರದು.

ವಾಸ್ಕೋ ಕನ್ನಡತಿ

ನಿಮ್ಮ ಮಡಗಾಂವ್ ಸ್ನೇಹಿತರ ಪರವಾಗಿ ಗೋವಾದ ಸ್ಥಿತಿ ಹೇಳುತ್ತೇನೆ. ದಾಬೋಲಿಂ ನಿಲ್ದಾಣ ನೌಕಾಪಡೆಯ ಐಎನ್‌ಎಸ್ ಹಂಸ ನೆಲೆ. ನಾಗರಿಕ ವಿಮಾನಗಳು ಅದರ ಅತಿಥಿಗಳು. ಮೋಪಾದ ಮನೋಹರ್ ನಿಲ್ದಾಣ 2023ರ ಜನವರಿಯಿಂದ ಪ್ರಯಾಣಿಕರ ವಿಮಾನಗಳಿಗಾಗಿ ನಡೆಯುತ್ತಿದೆ. ವಾರಾಂತ್ಯದಲ್ಲಿ ಹಗುರ ವಿಮಾನ ಹೊರತೆಗೆದು ಹಾರುವಂಥ ಕ್ಲಬ್ಬಿನ ಮೈದಾನವಾಗಿ ಇವೆರಡನ್ನೂ ಎಣಿಸಲಾಗದು. ಆದ್ದರಿಂದ ಗೋವಾದವರು ಘಟ್ಟ ಹತ್ತಿ ಬೆಳಗಾವಿಯ ಸಾಂಬ್ರಾ ಕಡೆಗೆ ನೋಡುವುದೇ ಮೇಲು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟ ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ, ಜಳಗಾಂವ್ ಇವೆ. ತರಬೇತಿ ವಿಮಾನಗಳಿರುವ ಕಡೆ ರಿಪೇರಿಯ ಕೈಗಳೂ ಇಂಧನವೂ ಇರುತ್ತವೆ.

ಕರಾವಳಿಯಲ್ಲಿ ನಿಲ್ಲಿಸಿದರೆ ಉಪ್ಪುಗಾಳಿಯ ಕಾಟವನ್ನು ಕಡಿಮೆ ಅಂದಾಜು ಮಾಡಬೇಡಿ. ಅಲ್ಯೂಮಿನಿಯಂ ತಗಡುಗಳ ಅಂಚಿನಲ್ಲಿ, ರಿವೆಟ್‌ಗಳ ಸುತ್ತ ಬಣ್ಣ ಗುಳ್ಳೆಯೆದ್ದು ಒಳಗೆ ಬಿಳಿ ಪುಡಿ ಕಾಣಿಸಿಕೊಂಡರೆ ಸವಕಳಿ ಆಗಲೇ ಆರಂಭವಾಗಿದೆಯೆಂದು ತಿಳಿಯಬೇಕು. ಸಿಹಿನೀರಿನಲ್ಲಿ ತೊಳೆದು ಒರೆಸಿ ಒಣಗಿಸುವುದು ಹಾರಾಟದಷ್ಟೇ ನಿಯಮಿತವಾಗಿರಬೇಕು.

ಕೋಥ್ರೂಡ್ ಕನ್ನಡಿಗ

ಬಹಳ ಉಪಕಾರವಾಯಿತು. ಪುಣೆಯ ಲೋಹೆಗಾಂವ್ ವಾಯುಪಡೆಯದಾದ್ದರಿಂದ ನಾವು ಬಾರಾಮತಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇವೆ. ನನ್ನ ಮನೆಯಿಂದ ಸುಮಾರು 100 ಕಿ.ಮೀ. ನಾವು ನೋಡುತ್ತಿರುವ ವಿಮಾನಗಳೆಲ್ಲ ರೋಟ್ಯಾಕ್ಸ್ 912 ಎಂಜಿನ್‌ನವು. ಅದು ಸಾಮಾನ್ಯ ಪೆಟ್ರೋಲ್‌ನಲ್ಲೂ ಓಡುತ್ತದೆ, ಖರ್ಚು ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವೇ?

ಹ್ಯಾಂಗರ್ ಎಂಜಿನಿಯರ್, ಪುಣೆ

ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಹೊರದೇಶದ ಬರಹಗಳನ್ನು ಓದಿದವರು ನಮ್ಮಲ್ಲಿ ಎಡವುವುದು ಇಲ್ಲಿಯೇ. 912 ಯುಎಲ್‌ಎಸ್ ಎಂಜಿನ್ 95 ಆಕ್ಟೇನ್ ಪೆಟ್ರೋಲ್‌ಗೆಂದೇ ರೂಪಿಸಿದ್ದು, ಅದು ನಿಜ. ಆದರೆ ತಯಾರಕರು ಒಪ್ಪಿರುವ ಎಥೆನಾಲ್ ಪ್ರಮಾಣ ನೂರಕ್ಕೆ 10. ನಮ್ಮ ಪಂಪುಗಳಲ್ಲಿ 2025ರ ಹೊತ್ತಿಗೆ ನೂರಕ್ಕೆ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲೇ ಸಾಮಾನ್ಯವಾಗಿದೆ. ಆಕ್ಟೇನ್ ಎಷ್ಟೇ ಇರಲಿ, ಎಂಜಿನ್ ತಯಾರಕರ ಮಿತಿಯನ್ನು ದಾಟಿದ ಇಂಧನವನ್ನು ಟ್ಯಾಂಕಿಗೆ ಹಾಕುವಂತಿಲ್ಲ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿಮೀರಿದಾಗ ಅಥವಾ ತಣ್ಣಗಾದಾಗ ನೀರು ಮತ್ತು ಎಥೆನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ರಬ್ಬರ್ ಸೀಲುಗಳಿಗೂ ಕೆಲವು ಬಗೆಯ ಫೈಬರ್ ಟ್ಯಾಂಕುಗಳ ರಾಳಕ್ಕೂ ಅದು ಒಗ್ಗುವುದಿಲ್ಲ. ಏಪ್ರಿಲ್‌ನ ಬಿಸಿಲಿನಲ್ಲಿ ಇಂಧನದ ಕೊಳವೆಗಳೊಳಗೆ ಪೆಟ್ರೋಲ್ ಆವಿಯಾಗಿ ಎಂಜಿನ್‌ಗೆ ಹರಿವು ತಪ್ಪುವ ಅಪಾಯವೂ ಉಂಟು.

ಎಥೆನಾಲ್ ಇಲ್ಲವೆಂದು ಹೇಳಿ ಯಾರಾದರೂ ಪೆಟ್ರೋಲ್ ಕೊಟ್ಟರೆ ಪ್ರತಿ ಸಲವೂ ಹೀಗೆ ಪರೀಕ್ಷಿಸಿ. ಗೆರೆ ಹಾಕಿದ ಗಾಜಿನ ಜಾಡಿಯಲ್ಲಿ 10 ಮಿಲಿ ನೀರು ಹಾಕಿ, ಅದರ ಮೇಲೆ 90 ಮಿಲಿ ಪೆಟ್ರೋಲ್ ಸುರಿದು, ಮುಚ್ಚಿ ಚೆನ್ನಾಗಿ ಕುಲುಕಿ, ನೆಲದ ಮೇಲಿಟ್ಟು ಕಾಯಿರಿ. ತಳದಲ್ಲಿ ನಿಲ್ಲುವ ಪದರ 10ರ ಗೆರೆಯಲ್ಲೇ ಇದ್ದರೆ ಎಥೆನಾಲ್ ಇಲ್ಲ. ಇ20 ಆಗಿದ್ದರೆ ಎಥೆನಾಲ್ ನೀರಿನೊಳಗೆ ಇಳಿದು ಆ ಪದರ ಎರಡು ಪಟ್ಟಿಗೂ ಮೀರಿ ಉಬ್ಬಿರುವುದು ಕಣ್ಣಿಗೇ ಕಾಣುತ್ತದೆ. ಈ ಕೆಲಸವನ್ನು ಬಯಲಿನಲ್ಲಿ ಮಾಡಬೇಕು, ಹತ್ತಿರ ಬೆಂಕಿ ಇರಬಾರದು.

ಹಾಗಾಗಿ ಹೆಚ್ಚಿನವರಿಗೆ ಉಳಿಯುವ ದಾರಿ ವಿಮಾನಗಳಿಗೆಂದೇ ಇರುವ ಪೆಟ್ರೋಲ್, ಅಂದರೆ ಆವ್‌ಗ್ಯಾಸ್ 100 ಎಲ್‌ಎಲ್. ಮೊದಲು ಅದು ಪೂರ್ತಿ ಆಮದಾಗುತ್ತಿತ್ತು. 2022ರ ಸೆಪ್ಟೆಂಬರ್‌ನಿಂದ ಇಂಡಿಯನ್ ಆಯಿಲ್ ತನ್ನ ವಡೋದರಾ ಸಂಸ್ಕರಣಾಗಾರದಲ್ಲಿ ತಯಾರಿಸುತ್ತಿದೆ. ಇದರಲ್ಲಿ ಸೀಸವಿದೆ. ಸೀಸ ಸ್ಪಾರ್ಕ್ ಪ್ಲಗ್, ವಾಲ್ವ್‌ಗಳ ಮೇಲೆ ಪದರವಾಗಿ ಕೂರುತ್ತದೆ, ಎಣ್ಣೆಯಲ್ಲಿ ಕೆಸರಾಗುತ್ತದೆ. ರೋಟ್ಯಾಕ್ಸ್‌ನಲ್ಲಿ ಗೇರ್‌ಬಾಕ್ಸ್‌ಗೂ ಅದೇ ಎಣ್ಣೆ ಹೋಗುವುದರಿಂದ, ಸಾಮಾನ್ಯವಾಗಿ 100 ಗಂಟೆಗೊಮ್ಮೆ ಬದಲಿಸುವ ಎಣ್ಣೆಯನ್ನು ಆವ್‌ಗ್ಯಾಸ್ ಬಳಸುವಾಗ 50 ಗಂಟೆಗೇ ಬದಲಿಸಬೇಕಾಗುತ್ತದೆ. ಖರ್ಚಿನ ಲೆಕ್ಕದಲ್ಲಿ ಗಂಟೆಗೆ 18ರಿಂದ 20 ಲೀಟರ್ ಆವ್‌ಗ್ಯಾಸ್ ಎಂದೇ ಹಿಡಿಯಿರಿ.

ಎಂಜಿನ್‌ನ ಕುರಿತು ಇನ್ನೊಂದು ಮಾತು. ಇದರ ಎಣ್ಣೆ ಪ್ರತ್ಯೇಕ ತೊಟ್ಟಿಯಲ್ಲಿರುತ್ತದೆ. ರಾತ್ರಿಯಿಡೀ ನಿಂತಾಗ ಸ್ವಲ್ಪ ಎಂಜಿನ್ನೊಳಗೆ ಇಳಿದುಹೋಗಿರುತ್ತದೆ. ಆದ್ದರಿಂದ ಬೆಳಿಗ್ಗೆ ಕಡ್ಡಿ ಅದ್ದಿ ನೋಡಿದರೆ ಸುಳ್ಳು ಅಳತೆ ಬರುತ್ತದೆ. ಇಗ್ನಿಷನ್‌ನ ಎರಡೂ ಸ್ವಿಚ್ ಆರಿವೆಯೆಂದು ಖಚಿತಪಡಿಸಿಕೊಂಡು, ಪ್ರೊಪೆಲರ್ ಅನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ತಿರುಗಿಸುತ್ತ ಹೋಗಬೇಕು. ಸಿಲಿಂಡರ್‌ನೊಳಗಿನ ಒತ್ತಡದಿಂದ ಪ್ರೊಪೆಲರ್ ಬಿಗಿಯಾದಾಗಲೆಲ್ಲ ಒಂದು ಕ್ಷಣ ತಡೆದರೆ ಎಣ್ಣೆ ಬೇಗ ಹಿಂದಿರುಗುತ್ತದೆ. ತೊಟ್ಟಿಯಿಂದ ಗುಳುಗುಳು ಸದ್ದು ಕೇಳಿಸಿದ ಮೇಲೆ ಕಡ್ಡಿ ತೆಗೆಯಿರಿ. ನಾಲ್ಕೂ ಸಿಲಿಂಡರ್‌ಗಳ ಒತ್ತಡ ಸಮವಾಗಿದೆಯೇ ಎಂಬುದು ಆಗಲೇ ನಿಮ್ಮ ಅಂಗೈಗೆ ತಿಳಿದಿರುತ್ತದೆ. ಕೊಳ್ಳಲು ಹೋದಾಗ ಇದನ್ನು ನೀವೇ ಮಾಡಿ ನೋಡಿ. ಬೇಡವೆನ್ನುವ ಮಾರಾಟಗಾರರಿಂದ ಕೊಳ್ಳಬೇಡಿ.

ಹಾರಾಟ ಶಿಕ್ಷಕಿ, ಬಾರಾಮತಿ ಕಡೆಯವರು

ಎಂಜಿನಿಯರ್ ಸರ್ ಹೇಳಿದ್ದಕ್ಕೆ ಬಿಸಿಲಿನ ವಿಷಯ ಸೇರಿಸುತ್ತೇನೆ. ಪುಣೆಯ ಸುತ್ತಲಿನ ಏರ್‌ಸ್ಟ್ರಿಪ್‌ಗಳು ಸಮುದ್ರಮಟ್ಟದಿಂದ ಸುಮಾರು 1,900 ಅಡಿ ಎತ್ತರದಲ್ಲಿವೆ. ಆ ಎತ್ತರದಲ್ಲಿ ಮಾನಕ ಉಷ್ಣಾಂಶ, ಅಂದರೆ ವಿಮಾನದ ಲೆಕ್ಕಗಳಿಗೆ ಆಧಾರವಾಗಿ ಹಿಡಿಯುವ ಉಷ್ಣಾಂಶ, ಸುಮಾರು 11 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ 38 ಡಿಗ್ರಿ ಇದ್ದರೆ 27 ಡಿಗ್ರಿ ಹೆಚ್ಚಾಯಿತು. ಪ್ರತಿ ಡಿಗ್ರಿಗೆ 120 ಅಡಿ ಸೇರಿಸಿದರೆ ವಿಮಾನಕ್ಕೆ ಗಾಳಿ 5,000 ಅಡಿಗೂ ಮೇಲಿನ ಗಾಳಿಯಷ್ಟು ತೆಳುವಾಗಿ ಸಿಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಆಗ ಸುಮಾರು ನೂರಕ್ಕೆ 15ರಷ್ಟು ಶಕ್ತಿ ಕಳೆದುಕೊಂಡಿರುತ್ತದೆ, ಪ್ರೊಪೆಲರ್ ಮತ್ತು ರೆಕ್ಕೆಗಳೂ ಅದೇ ತೆಳು ಗಾಳಿಯಲ್ಲಿ ಕೆಲಸ ಮಾಡಬೇಕು. ಯುರೋಪಿನ ತಂಪಿನಲ್ಲಿ ಅಳೆದ ಟೇಕ್‌ಆಫ್ ಅಂಕಿಯನ್ನು ಬಾರಾಮತಿಯ ಮೇ ಮಧ್ಯಾಹ್ನಕ್ಕೆ ಅನ್ವಯಿಸಬೇಡಿ. ನಾನು ನನ್ನ ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರೊಳಗೆ ನೆಲಕ್ಕಿಳಿದಿರಬೇಕೆಂದು ಹೇಳುತ್ತೇನೆ. ಆಮೇಲೆ ಏಳುವ ಬಿಸಿಗಾಳಿಯ ಕುಲುಕಾಟ 600 ಕಿಲೋದ ವಿಮಾನಕ್ಕೆ ಹಿತವಲ್ಲ.

ಅಮೆರಿಕದ ನಿಯಮಗಳನ್ನು ಓದಿ ಇಲ್ಲಿಗೆ ಹೊಂದಿಸಿಕೊಳ್ಳುವವರಿಗೂ ಒಂದು ಎಚ್ಚರಿಕೆ. ಅಲ್ಲಿ ಸ್ಪೋರ್ಟ್ ಪೈಲಟ್‌ಗೆ ಕನಿಷ್ಠ 20 ಗಂಟೆಗಳ ತರಬೇತಿ ಸಾಕು, ವೈದ್ಯಕೀಯ ಪ್ರಮಾಣಪತ್ರದ ಬದಲು ಕಾರಿನ ಲೈಸನ್ಸ್ ನಡೆಯುತ್ತದೆ, ಮಾಲೀಕರು 16 ಗಂಟೆಗಳ ಕೋರ್ಸ್ ಮುಗಿಸಿ ಕೆಲವು ಬಗೆಯ ಸ್ವಂತ ವಿಮಾನದ ವಾರ್ಷಿಕ ತಪಾಸಣೆಯನ್ನೂ ಮಾಡಬಹುದು. 2025ರ ಹೊಸ ನಿಯಮದಲ್ಲಿ ಅವರು ತೂಕದ ಮಿತಿಯನ್ನೇ ಕೈಬಿಟ್ಟು ಸ್ಟಾಲ್ ವೇಗವನ್ನು ಅಳತೆಗೋಲು ಮಾಡಿಕೊಂಡಿದ್ದಾರೆ. ಇವು ಯಾವುವೂ ತಾವಾಗಿಯೇ ಭಾರತಕ್ಕೆ ಅನ್ವಯಿಸುವುದಿಲ್ಲ. ನಮ್ಮ ಖಾಸಗಿ ಪೈಲಟ್ ಲೈಸನ್ಸ್‌ಗೆ 40 ಗಂಟೆ ಹಾರಾಟ ಮತ್ತು ಎರಡನೆಯ ದರ್ಜೆಯ ವೈದ್ಯಕೀಯ ಪರೀಕ್ಷೆ ಬೇಕು. ತಪಾಸಣೆಗೆ ಸಹಿ ಹಾಕುವವರು ಅಧಿಕಾರ ಪಡೆದ ನಿರ್ವಹಣಾ ಎಂಜಿನಿಯರ್ ಆಗಿರಬೇಕು. ಪೈಲಟ್‌ಗಳು ರೇಡಿಯೋ ಬಳಸಲು ಪಾಸಾಗಬೇಕಾದ ಪರೀಕ್ಷೆಯ ವಿಚಾರದಲ್ಲಿ ಹಳೆಯ ಮಾಹಿತಿಯನ್ನು ನೆಚ್ಚಬೇಡಿ; 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದಡಿ ಅದು ದೂರಸಂಪರ್ಕ ಇಲಾಖೆಯಿಂದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ಬಂದಿದೆ.

ಬಾರಾಮತಿಯಿಂದ ಬೆಳಗಾವಿಗೆ ನೇರ ರೇಖೆಯಲ್ಲಿ ಸುಮಾರು 260 ಕಿ.ಮೀ.; 100 ನಾಟ್ ವೇಗದಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ. ಆದರೆ ಹೊರಡುವ ಮೊದಲು ಹಾರಾಟ ಯೋಜನೆ ಸಲ್ಲಿಸಿ, ಹಾರಾಟ ಮಾಹಿತಿ ಕೇಂದ್ರದ ಎಫ್‌ಐಸಿ ಸಂಖ್ಯೆಯನ್ನೂ ವಾಯು ರಕ್ಷಣೆಯ ಅನುಮತಿಯಾದ ಎಡಿಸಿ ಸಂಖ್ಯೆಯನ್ನೂ ಪಡೆಯಬೇಕು. ದೂರವಾಣಿಯ ಮೇಲೆ ಈ ಕೆಲಸವನ್ನು ಸಮಾಧಾನದಿಂದ, ವಿನಯದಿಂದ ಮಾಡಲು ಕಲಿತವರೇ ಹೆಚ್ಚು ಹಾರುತ್ತಾರೆ.

ಮಾಟುಂಗಾ ಓದುಗ

ಹಣದ ಮಾತನ್ನು ಯಾರೂ ಎತ್ತಲಿಲ್ಲ, ಆದ್ದರಿಂದ ನಾನೇ ಎತ್ತುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ವಿಮಾನದ ಮೇಲಿನ ಜಿಎಸ್‌ಟಿ ನೂರಕ್ಕೆ 40 ಆಗಿದೆ. ಇದಾದ ಮೇಲೆ ವರ್ಷದ ಸ್ಥಿರ ಖರ್ಚು: ಹ್ಯಾಂಗರ್ ಬಾಡಿಗೆ, ವಿಮೆ, ತಪಾಸಣೆ. ವಿಮಾನ ಹಾರಲಿ ಬಿಡಲಿ, ಇದು ತಪ್ಪುವುದಿಲ್ಲ. ಲೆಕ್ಕಕ್ಕೆ ವರ್ಷಕ್ಕೆ ಆರು ಲಕ್ಷ ಎಂದಿಟ್ಟುಕೊಳ್ಳಿ. 100 ಗಂಟೆ ಹಾರಿದರೆ ಗಂಟೆಗೆ ಆರು ಸಾವಿರ. 30 ಗಂಟೆ ಮಾತ್ರ ಹಾರಿದರೆ ಇಪ್ಪತ್ತು ಸಾವಿರ, ಅದೂ ಇಂಧನ ಬಿಟ್ಟು. ಎಂಜಿನ್‌ನ ಪುನರ್ನಿರ್ಮಾಣ 2,000 ಗಂಟೆಗೆ ಅಥವಾ 15 ವರ್ಷಕ್ಕೆ, ಯಾವುದು ಮೊದಲೋ ಅದಕ್ಕೆ. ವರ್ಷಕ್ಕೆ 30 ಗಂಟೆ ಹಾರುವವರ ಎಂಜಿನ್ 450 ಗಂಟೆಗೇ ವಯಸ್ಸಾಗಿ ನಿವೃತ್ತಿಗೆ ಬಂದಿರುತ್ತದೆ. ಮೂವರು ಸೇರಿರುವುದು ಈ ದೃಷ್ಟಿಯಿಂದ ಬಹಳ ವಿವೇಕದ ಕೆಲಸ.

ಮೂವರ ನಡುವೆ ಎಷ್ಟೇ ಆತ್ಮೀಯತೆ ಇದ್ದರೂ ಒಪ್ಪಂದ ಬರವಣಿಗೆಯಲ್ಲಿರಲಿ. ಒಬ್ಬರು ಹೊರಬಂದರೆ ಪಾಲಿನ ಬೆಲೆ ಹೇಗೆ ನಿಗದಿಯಾಗುತ್ತದೆ, ಇಳಿಯುವಾಗ ವಿಮಾನದ ಮುಂದಿನ ಚಕ್ರಕ್ಕೆ ಪೆಟ್ಟಾದರೆ ವಿಮೆ ಕೊಡದ ಮೊತ್ತ ಯಾರದು, ಹಾರಲು ಬೇಡವೆಂದು ಹೇಳುವ ಅಧಿಕಾರ ಯಾರಿಗೆ ಎಂಬುದನ್ನು ಭಾವ-ಮೈದುನರು ಮೊದಲೇ ಮಾತಾಡಿಕೊಳ್ಳುವುದು ಸಂಬಂಧಕ್ಕೂ ಕ್ಷೇಮ. ಖರ್ಚು ತೂಗಿಸಲು ಪರಿಚಯದವರನ್ನು ಹಣ ಪಡೆದು ಕೂರಿಸಿಕೊಂಡು ಹಾರುವ ಯೋಚನೆ ಮಾತ್ರ ಬೇಡ; ಖಾಸಗಿ ವಿಮಾನವನ್ನು ಬಾಡಿಗೆಗೆ ಬಳಸಲು ಕಾನೂನು ಬಿಡುವುದಿಲ್ಲ.

ವಾಸ್ಕೋ ಕನ್ನಡತಿ

ತಯಾರಕರ ಆಯುಷ್ಯವನ್ನೂ ನೋಡಿ. ಈ ವರ್ಗದ ವಿಮಾನಗಳು ಮಾನದಂಡಗಳಿಗೆ ಅನುಗುಣವಾಗಿವೆಯೆಂದು ತಯಾರಕರೇ ಘೋಷಿಸುವ ಪದ್ಧತಿಯಿಂದ ಬಂದವು. ರೇಡಿಯೋ ಬದಲಿಸಲೂ ಅವರ ಪತ್ರ ಬೇಕಾಗಬಹುದು. ಕಂಪನಿಯೇ ಇಲ್ಲವಾದರೆ ಪತ್ರ ಬರೆಯುವವರು ಯಾರು? ಸೆಸ್ನಾದಂಥ ದೊಡ್ಡ ಸಂಸ್ಥೆಯೇ ಈ ವರ್ಗದ ತನ್ನ ಸ್ಕೈಕ್ಯಾಚರ್ ವಿಮಾನದ ತಯಾರಿಕೆಯನ್ನು ಕೆಲವೇ ವರ್ಷಗಳಲ್ಲಿ ನಿಲ್ಲಿಸಿತು. ಪಿಪಿಸ್ಟ್ರೆಲ್ 2022ರಲ್ಲಿ ಅಮೆರಿಕದ ಟೆಕ್ಸ್‌ಟ್ರಾನ್ ಕಂಪನಿಯ ಕೈಸೇರಿದೆ. ಅವರ ವೈರಸ್ ವಿಮಾನಗಳನ್ನು ನಮ್ಮ ಎನ್‌ಸಿಸಿ ಮತ್ತು ರಕ್ಷಣಾ ಪಡೆಗಳಿಗಾಗಿ ದೊಡ್ಡ ಸಂಖ್ಯೆಯಲ್ಲಿ ತರಿಸಿದ್ದರಿಂದ ಅವನ್ನು ಬಲ್ಲ ಕೈಗಳು ದೇಶದಲ್ಲಿವೆ. ನಾನಾದರೆ ವೇಗದ ನಾಲ್ಕು ನಾಟ್‌ಗಿಂತ ಇದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಕೋಥ್ರೂಡ್ ಕನ್ನಡಿಗ

ಕೊನೆಯದಾಗಿ ಒಂದು ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾರುವ ದಿನಗಳು ಕಡಿಮೆ. ಆಗ ವಾರಕ್ಕೊಮ್ಮೆ ಹೋಗಿ ಐದು ನಿಮಿಷ ಎಂಜಿನ್ ಓಡಿಸಿ ಬಂದರೆ ಸಾಕೇ?

ಹ್ಯಾಂಗರ್ ಎಂಜಿನಿಯರ್, ಪುಣೆ

ಬೇಡ, ಅದರಿಂದ ಹಾನಿಯೇ ಹೆಚ್ಚು. ಉರಿಯುವ ಇಂಧನದಿಂದಲೂ ನೀರಿನಂಶ ಹುಟ್ಟಿ ಎಣ್ಣೆಗೆ ಸೇರುತ್ತದೆ. ಎಣ್ಣೆ 100 ಡಿಗ್ರಿ ಮುಟ್ಟಿದರೆ ಮಾತ್ರ ಅದು ಆವಿಯಾಗಿ ಹೋಗುತ್ತದೆ. ಹಾರುವ ದಿನ ಒಮ್ಮೆಯಾದರೂ ಆ ಉಷ್ಣಾಂಶ ಬರಲೇಬೇಕೆಂದು ತಯಾರಕರು ಹೇಳಿರುವುದು ಇದಕ್ಕಾಗಿಯೇ. ನಿಂತಲ್ಲಿ ಐದು ನಿಮಿಷ ಓಡಿಸಿದರೆ ತೇವ ಸೇರಿಸಿದಂತಾಯಿತೇ ಹೊರತು ತೆಗೆದಂತಾಗಲಿಲ್ಲ. ಮೋಡ ಬಿಟ್ಟ ದಿನ ಸಿಕ್ಕಾಗ ಅರ್ಧ ಗಂಟೆಯಾದರೂ ಹಾರಿ ಬನ್ನಿ. ದೀರ್ಘಕಾಲ ಹಾರಲಾಗದೆಂದು ಮೊದಲೇ ಗೊತ್ತಿದ್ದರೆ ತಯಾರಕರ ಕೈಪಿಡಿಯಂತೆ ಎಂಜಿನ್ನನ್ನು ಸಂರಕ್ಷಿಸಿ ಇಡಿಸಿ. ಮಳೆಗಾಲದಲ್ಲಿ ಕಣಜಗಳು ವೇಗ ಅಳೆಯುವ ಪಿಟೋ ಕೊಳವೆಯೊಳಗೂ ಇಂಧನ ಟ್ಯಾಂಕಿನ ಗಾಳಿಗಂಡಿಯಲ್ಲೂ ಮಣ್ಣಿನ ಗೂಡು ಕಟ್ಟುತ್ತವೆ. ಮೊದಲನೆಯದು ಕಟ್ಟಿದರೆ ವೇಗ ತಿಳಿಯುವುದಿಲ್ಲ, ಎರಡನೆಯದು ಕಟ್ಟಿದರೆ ಎಂಜಿನ್‌ಗೆ ಇಂಧನವೇ ಬಾರದೆ ಹೋಗಬಹುದು. ಇಳಿದ ಕೂಡಲೇ ಕೆಂಪು ಪಟ್ಟಿಯ ಮುಚ್ಚಳ ಹಾಕಿ. ಹಾರುವ ಮೊದಲು ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ.

ಕೋಥ್ರೂಡ್ ಕನ್ನಡಿಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾವನವರೊಂದಿಗೂ ಸ್ನೇಹಿತರೊಂದಿಗೂ ಮಾತಾಡಿದೆ. ಮುಂಗಡ ಹಣ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ. ಮೊದಲು ಬಾರಾಮತಿಯಲ್ಲಿ, ನಂತರ ಬೆಳಗಾವಿಯಲ್ಲಿ ಹ್ಯಾಂಗರ್‌ನ ಜಾಗವನ್ನೂ ಆವ್‌ಗ್ಯಾಸ್ ಪೂರೈಕೆಯನ್ನೂ ಬರವಣಿಗೆಯಲ್ಲಿ ಕೇಳುತ್ತೇವೆ. ಎರಡೂ ಕಡೆ ಉತ್ತರ ಬಂದ ಮೇಲೆ ಮಾದರಿಯ ಆಯ್ಕೆ.

ಹ್ಯಾಂಗರ್ ಎಂಜಿನಿಯರ್, ಪುಣೆ

ಬಹಳ ಸರಿಯಾದ ಕ್ರಮ. ಪತ್ರದಲ್ಲಿ ಹ್ಯಾಂಗರ್ ಬಾಗಿಲಿನ ಅಗಲವನ್ನೂ ಕೇಳಿ. ವೈರಸ್ ಎಸ್‌ಡಬ್ಲ್ಯೂ ಮಾದರಿಯ ರೆಕ್ಕೆಯ ಹರವು 11 ಮೀಟರ್‌ಗಿಂತ ಕಡಿಮೆ, ಸೈನಸ್‌ನದು ಸುಮಾರು 15 ಮೀಟರ್. ಬಾಗಿಲು 12 ಮೀಟರ್ ಇದ್ದರೆ ನಿಮ್ಮ ಆಯ್ಕೆಯಲ್ಲಿ ಅರ್ಧ ಅಲ್ಲಿಯೇ ಮುಗಿದಿರುತ್ತದೆ.